ಆಳದ ಅಕ್ವೇರಿಯಂಗೆ ಮೆಟಲ್ ಹಾಲೈಡ್ ದೀಪ: ಕೊಳ್ಳುವ ಮುಂಚೆ ಟೇಪ್ ಹಿಡಿದು ಅಳೆಯಿರಿ

ಮೆಟಲ್ ಹಾಲೈಡ್ ಎಂದರೆ ಪಾದರಸ ಮತ್ತು ಲೋಹದ ಲವಣಗಳ ಆವಿಯಿಂದ ಪ್ರಖರ ಬೆಳಕು ಕೊಡುವ ದೀಪ. ಅದನ್ನು ಹಚ್ಚಿದ ತೊಟ್ಟಿಯನ್ನು ಒಮ್ಮೆ ನೋಡಿದರೆ ಮರೆಯುವುದು ಕಷ್ಟ. ಟ್ಯೂಬ್‌ಲೈಟ್ ಬೆಳಕು ಎಲ್ಲ ಕಡೆ ಸಮನಾಗಿ ಹರಡಿಕೊಳ್ಳುತ್ತದೆ. ಇಲ್ಲಿ ಬೆಳಕು ಒಂದು ಸಣ್ಣ ಚುಕ್ಕಿಯಿಂದ ಬರುತ್ತದೆ. ನೀರಿನ ಅಲೆಗೆ ಸಿಕ್ಕು ಗೆರೆಗೆರೆಯಾಗಿ ಮರಳಿನ ಮೇಲೆ ಓಡಾಡುತ್ತದೆ. ಬಾವಿಯ ಪಾವಟಿಗೆ ಮೇಲೆ ಮಧ್ಯಾಹ್ನದ ಬಿಸಿಲು ಆಡುತ್ತದಲ್ಲ, ಥೇಟ್ ಹಾಗೆ. ಆದರೆ ಹುಬ್ಬಳ್ಳಿ-ಧಾರವಾಡದ ಬೇಸಿಗೆ ಮತ್ತು ಕರೆಂಟು ಎರಡನ್ನೂ ಲೆಕ್ಕ ಹಾಕದೆ ಇದನ್ನು ಮನೆಗೆ ತರಬಾರದು.

ಮೊದಲು ಆಳ ನೋಡಿ

ನೀರಿನ ಮೇಲ್ಮೈಯಿಂದ ಮರಳಿನವರೆಗೆ ಅಳೆಯಿರಿ. ಒಂದೂವರೆ ಅಡಿಯೊಳಗಿದ್ದರೆ ಒಳ್ಳೆಯ ಎಲ್ಇಡಿ ಸಾಕು. ಗಪ್ಪಿ, ಗೋಲ್ಡ್ ಫಿಶ್ ಮಾತ್ರ ಸಾಕುವವರಿಗೂ ಅಷ್ಟೇ, ಮೀನಿಗೆ ಇಷ್ಟು ಬೆಳಕು ಬೇಕಿಲ್ಲ. ಅನುಬಿಯಾಸ್, ಜಾವಾ ಫರ್ನ್ ಥರದ ಗಿಡಗಳು ನೆರಳಲ್ಲೇ ಚೆನ್ನಾಗಿರುತ್ತವೆ. ತೊಟ್ಟಿ ಎರಡು ಅಡಿ ಆಳವಿದ್ದು, ತಳದಲ್ಲಿ ಹುಲ್ಲಿನಂತೆ ಹರಡುವ ಗಿಡ ಅಥವಾ ಕೆಂಪು ಎಲೆಯ ಗಿಡ ಬೆಳೆಸಬೇಕೆಂದರೆ ಮೆಟಲ್ ಹಾಲೈಡ್ ಯೋಚಿಸಿ.

ಎರಡು ಅಡಿ ಆಳಕ್ಕೆ 150 ವ್ಯಾಟ್ ಸರಿ. 250 ವ್ಯಾಟ್ ಅದಕ್ಕಿಂತ ಆಳದ ತೊಟ್ಟಿಗೆ. ಒಂದು ದೀಪ ಸುಮಾರು ಎರಡು ಅಡಿ ಉದ್ದಕ್ಕೆ ಬೆಳಕು ಕೊಡುತ್ತದೆ. ಹಾಗಾಗಿ ನಾಲ್ಕು ಅಡಿ ತೊಟ್ಟಿಗೆ ಎರಡು ದೀಪ ಬೇಕು. ದೊಡ್ಡದೊಂದನ್ನು ನಡುವೆ ನೇತು ಹಾಕಿದರೆ ಎರಡೂ ಮೂಲೆ ಕತ್ತಲಾಗುತ್ತವೆ.

ಬಲ್ಬಿನ ಬಣ್ಣ

ಡಬ್ಬಿಯ ಮೇಲೆ ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಅಂಕಿ ಇರುತ್ತದೆ. ಗಿಡಗಳಿಗೆ 5500ರಿಂದ 6500 ಒಳ್ಳೆಯದು. 10000, 14000, 20000 ಎಂದರೆ ನೀಲಿ ಜಾಸ್ತಿ, ಅವು ಸಮುದ್ರದ ಹವಳಕ್ಕಾಗಿ ಮಾಡಿದವು. ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ ತಂದುಕೊಡುತ್ತೇನೆ ಅಂದರೂ ಬೇಡ ಅನ್ನಿ.

ಬಟ್ಟೆ ಅಂಗಡಿಗಳಲ್ಲಿ ಸೀರೆಗಳ ಮೇಲೆ ಬೆಳಕು ಬಿಡುತ್ತಿದ್ದ, ಎರಡೂ ತುದಿಯಲ್ಲಿ ಸಿಕ್ಕಿಸುವ 150 ವ್ಯಾಟಿನ ಬಲ್ಬು ಇದೇ ಜಾತಿಯದು. ಎಲೆಕ್ಟ್ರಿಕ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೆ ಕೆಲ್ವಿನ್ ನೋಡಿ, ಹೆಚ್ಚಿನವು 3000 ಅಥವಾ 4200. ನೀರು ಹಳದಿಯಾಗಿ ಕಾಣುತ್ತದೆ.

ಈ ಬಲ್ಬಿನ ಮುಂದೆ ಗಾಜು ಇರಲೇಬೇಕು. ಅದರಿಂದ ಬರುವ ಅತಿನೇರಳೆ ಕಿರಣವನ್ನು ತಡೆಯುವುದು ಆ ಗಾಜೇ. ಒಡೆದಿದ್ದರೆ ದೀಪ ಹಚ್ಚಬೇಡಿ. ಬಲ್ಬನ್ನು ಬರಿಗೈಲಿ ಮುಟ್ಟಲೂ ಬೇಡಿ, ಬೆರಳಿನ ಜಿಡ್ಡು ಕೂತ ಜಾಗ ಕಾದು ಹಾಳಾಗುತ್ತದೆ.

ಕರೆಂಟಿನ ಲೆಕ್ಕ

ಬಲ್ಬು ನೇರ ಪ್ಲಗ್ಗಿಗೆ ಹತ್ತುವುದಿಲ್ಲ. ಚೋಕ್, ಇಗ್ನೈಟರ್, ಕಂಡೆನ್ಸರ್ ಬೇಕು, ಇಲ್ಲವೇ ಇವುಗಳ ಕೆಲಸವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಮಾಡುವ ಎಲೆಕ್ಟ್ರಾನಿಕ್ ಬಲಾಸ್ಟ್. ಚೋಕ್ ಭಾರ, ಗುಂಯ್‌ಗುಡುತ್ತದೆ, ಆದರೆ ಬಾಳಿಕೆ ಬರುತ್ತದೆ. ಕೆಟ್ಟರೆ ಒಂದೊಂದೇ ಭಾಗ ಬದಲಿಸಬಹುದು. ನಾನು ಅದನ್ನೇ ಆರಿಸುತ್ತೇನೆ. ವ್ಯಾಟ್ ಮಾತ್ರ ಬಲ್ಬಿಗೆ ಸರಿಹೊಂದಬೇಕು. ಹೊತ್ತಿಸುವಾಗ ಇಗ್ನೈಟರ್ ಸಾವಿರಾರು ವೋಲ್ಟ್ ಬಿಡುತ್ತದೆ, ಆದ್ದರಿಂದ ಅರ್ಥಿಂಗ್ ಗಟ್ಟಿ ಇರಲಿ. ಜೋಡಣೆ ಗೊತ್ತಿದ್ದವರೇ ಮಾಡಲಿ.

ಹಚ್ಚಿದ ಕೂಡಲೇ ಪೂರ್ತಿ ಬೆಳಕು ಬರುವುದಿಲ್ಲ. ಮೊದಲು ಮಂದವಾಗಿ ಮಿನುಗುತ್ತದೆ, ಬಣ್ಣ ಬದಲಾಗುತ್ತದೆ, ಮೂರ್ನಾಲ್ಕು ನಿಮಿಷಕ್ಕೆ ಬೆಳ್ಳಗಾಗುತ್ತದೆ. ಕರೆಂಟು ಒಂದು ಕ್ಷಣ ಹೋಗಿ ಬಂದರೂ ದೀಪ ಆರುತ್ತದೆ. ಬಿಸಿ ಬಲ್ಬು ಮತ್ತೆ ಹೊತ್ತಲು ಹತ್ತು-ಹದಿನೈದು ನಿಮಿಷ ಬೇಕು. ನಮ್ಮ ಮನೇಲಿ ಮೊದಲ ಸಲ ಹೀಗಾದಾಗ ಬಲ್ಬು ಹೋಯಿತೆಂದು ಎಲೆಕ್ಟ್ರಿಶಿಯನ್‌ನನ್ನು ಕರೆಸಿದ್ದೆ. ಆತ ಕೈ ಹಚ್ಚಲೇ ಇಲ್ಲ. "ಸುಟ್ಟಿಲ್ರೀ ಸರ, ತಣ್ಣಗಾಗ್ಲಿ. ತಾನ ಹತ್ತತೈತಿ" ಅಂದ. ಚಹಾ ಕುಡಿಯುವಷ್ಟರಲ್ಲಿ ಹೊತ್ತಿತು. ಪದೇ ಪದೇ ಕರೆಂಟು ಹೋಗುವ ಓಣಿಯಾದರೆ ಬಲ್ಬಿನ ಆಯಸ್ಸು ಕಡಿಮೆಯಾಗುತ್ತದೆ, ಅಲ್ಲಿ ಎಲ್ಇಡಿಯೇ ವಾಸಿ.

150 ವ್ಯಾಟಿನ ದೀಪ ಚೋಕ್ ಸೇರಿ ಸುಮಾರು 170 ವ್ಯಾಟ್ ಎಳೆಯುತ್ತದೆ. ದಿನಕ್ಕೆ 8 ತಾಸು ಉರಿಸಿದರೆ ತಿಂಗಳಿಗೆ 41 ಯೂನಿಟ್. ಎರಡು ದೀಪಕ್ಕೆ 82. ಹೆಸ್ಕಾಂ ಬಿಲ್ಲಿನಲ್ಲಿ ಇದು ಎದ್ದು ಕಾಣುತ್ತದೆ.

ಬಿಸಿ

ಹೆಚ್ಚು ಜನ ಎಡವುವುದು ಇಲ್ಲೇ. ನಾನು ಒಂದೂವರೆ ಅಡಿ ಆಳದ ತೊಟ್ಟಿಗೆ 250 ವ್ಯಾಟ್ ಹಾಕಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಥರ್ಮಾಮೀಟರ್ 33 ಡಿಗ್ರಿ ತೋರಿಸುತ್ತಿತ್ತು. ಏಂಜಲ್ ಮೀನುಗಳು ಒಂದೇ ಮೂಲೆಯಲ್ಲಿ ಮೇಲೆ ಬಂದು, ಕಿವಿರು ಜೋರಾಗಿ ಬಡಿಯುತ್ತ ಬಾಯಿ ಬಿಡುತ್ತಿದ್ದವು. ಆ ನೋಟ ಇವತ್ತಿಗೂ ಕಣ್ಣಲ್ಲಿದೆ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಗೆ 7.6 ಮಾತ್ರ ಹಿಡಿಯುತ್ತದೆ. ಇನ್ನೊಂದು ಕಡೆ ಮೀನಿಗೆ ಬೇಕಾಗುವ ಉಸಿರು ಜಾಸ್ತಿಯಾಗುತ್ತದೆ.

ಅದಕ್ಕೇ ದೀಪವನ್ನು ನೀರಿನಿಂದ ಒಂದು ಅಡಿ ಮೇಲೆ ಸರಪಳಿಯಲ್ಲಿ ನೇತು ಹಾಕಿ. ತೊಟ್ಟಿಯ ಮುಚ್ಚಳ ತೆಗೆದು, ಹಾರುವ ಮೀನಿದ್ದರೆ ಬಲೆ ಹಾಕಿ. ನೀರಿನ ಮೇಲೆ ಅಡ್ಡವಾಗಿ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಡಿ, ಎರಡು-ಮೂರು ಡಿಗ್ರಿ ಇಳಿಯುತ್ತದೆ. ಬೇಸಿಗೆಯಲ್ಲಿ ದೀಪದ ಹೊತ್ತನ್ನೇ ಬದಲಿಸಿ. ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಹಚ್ಚಿದರೆ ಮಧ್ಯಾಹ್ನದ ಕಾವೂ ದೀಪದ ಕಾವೂ ಒಟ್ಟಾಗುವುದಿಲ್ಲ. ಗಿಡಕ್ಕೆ ಹಗಲು ಯಾವಾಗ ಎನ್ನುವುದು ಮುಖ್ಯವಲ್ಲ, ದಿನವೂ ಅದೇ ಹೊತ್ತಾದರೆ ಆಯ್ತು. ಒಂದು ಟೈಮರ್ ಹಾಕಿಬಿಡಿ.

ಫ್ಯಾನ್ ಇದ್ದರೆ ನೀರು ಬೇಗ ಆವಿಯಾಗುತ್ತದೆ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಮೇಲೆ ಮೇಲೆ ಬೋರ್‌ವೆಲ್ ನೀರು ಸುರಿದರೆ ಗಡಸುತನ ಏರುತ್ತಲೇ ಹೋಗುತ್ತದೆ. ಆವಿಯಾದಷ್ಟನ್ನು ತುಂಬಲು ಹಿಡಿದಿಟ್ಟ ಮಳೆನೀರು ಅಥವಾ ಆರ್‌ಒ ನೀರು ಬಳಸಿ.

ಹೊಸ ದೀಪ ಹಾಕಿದ ಮೊದಲ ವಾರ ನಾಲ್ಕು ತಾಸು ಸಾಕು, ಆಮೇಲೆ ನಿಧಾನಕ್ಕೆ ಏರಿಸಿ. ಒಮ್ಮೆಲೇ ಎಂಟು ತಾಸು ಹಚ್ಚಿದರೆ ಗಾಜಿಗೆಲ್ಲ ಪಾಚಿ ಹತ್ತುತ್ತದೆ. ವರ್ಷಕ್ಕೊಮ್ಮೆ ಬಲ್ಬು ಬದಲಿಸಿ. ಕಣ್ಣಿಗೆ ಗೊತ್ತಾಗದಿದ್ದರೂ ಬೆಳಕು ಕುಗ್ಗಿರುತ್ತದೆ, ಬಣ್ಣವೂ ಸರಿದಿರುತ್ತದೆ. ಹಳೆಯ ಬಲ್ಬಿನಲ್ಲಿ ಪಾದರಸ ಇರುವುದರಿಂದ ಒಡೆಯಬೇಡಿ. ಹೊಸದರ ಡಬ್ಬಿಯಲ್ಲೇ ಹಾಕಿ, ಕಸದ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಡಿ.