ಜಿಪ್ಸಂ ಒಂದೇ ಸಾಲದು: ಚೌಳು ಗದ್ದೆಯಲ್ಲಿ ನನ್ನ ಅನುಭವ

ಚೌಳು ಮಣ್ಣಿಗೆ ಸತು ಹಾಕುವುದು ದಂಡ, ಅಷ್ಟು ಹೆಚ್ಚಿನ ಪಿಎಚ್‌ನಲ್ಲಿ (ಮಣ್ಣಿನ ಕ್ಷಾರದ ಅಳತೆ) ಅದು ಬೇರಿಗೆ ಸಿಗುವುದೇ ಇಲ್ಲ ಅಂತ ತುಂಬಾ ಜನ ಹೇಳಿದ್ದರು. ಚೌಳು ತಗ್ಗಿಸುವ ಜಿಪ್ಸಂ ಇಲ್ಲದೆ ಹಾಕಿದರೆ ಆ ಮಾತು ಬಹುಮಟ್ಟಿಗೆ ನಿಜವೇ. ಈ ಸಲದ ಭತ್ತ ನೋಡಿದ ಮೇಲೆ ಅವರೇ ಬಂದು ಎಷ್ಟು ಹಾಕಿದೆ ಅಂತ ಕೇಳುತ್ತಿದ್ದಾರೆ.

ಮೊದಲ ವರ್ಷ ಇದ್ದ ದುಡ್ಡನ್ನೆಲ್ಲ ಜಿಪ್ಸಂಗೇ ಸುರಿದೆ, ಎಕರೆಗೆ ನಾಲ್ಕೈದು ಟನ್. ಪಿಎಚ್ 9.8ರ ಹತ್ತಿರ ಇದ್ದದ್ದು 9ರ ಆಸುಪಾಸಿಗೆ ಇಳಿಯಿತು, ನೀರು ಇಂಗತೊಡಗಿತು, ಗೆದ್ದೆ ಅಂದುಕೊಂಡೆ. ನಾಟಿಯಾಗಿ ಮೂರನೇ ವಾರಕ್ಕೆ ಕೆಳಗಿನ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಶುರು. ಚುಕ್ಕೆಗಳು ಕೂಡಿಕೊಂಡು ಇಡೀ ಎಲೆ ಕಂದಾಯಿತು, ಬುಡದಲ್ಲಿ ಹೊಸ ತೆಂಡೆ ಒಡೆಯಲಿಲ್ಲ. ರೋಗ ಅಂತ ಸುಮ್ನೆ ಎರಡು ಸಲ ಔಷಧಿ ಹೊಡೆದೆ, ಆ ದುಡ್ಡೂ ಹೋಯಿತು. ಅದು ಸತುವಿನ ಕೊರತೆ.

ಮರುವರ್ಷ ಹಸಿರು ಗೊಬ್ಬರದ ಗಿಡ ಡಯಂಚ ಬೆಳೆಸಿ ಮಣ್ಣಿಗೆ ಸೇರಿಸಿ, ಕೊನೆ ಉಳುಮೆಯಲ್ಲಿ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ (ಸತುವಿನ ಗೊಬ್ಬರ) ಎರಚಿದೆ. ರಂಜಕದ ಗೊಬ್ಬರದ ಜೊತೆ ಬೆರೆಸಲಿಲ್ಲ. ಜಿಪ್ಸಂ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಒಂದು ಮಡಿಯನ್ನು ಸತು ಹಾಕದೆ ಬಿಟ್ಟಿದ್ದೆ: ಬದುವಿನ ಈಚೆ ಕಡು ಹಸಿರು, ಆಚೆ ಅದೇ ಕಂದು.

ನಡುವೆ ಕಬ್ಬಿಣದ ಹಿಂದೆಯೂ ಬಿದ್ದೆ. ಕಬ್ಬಿಣದ ಗೊಬ್ಬರವಾದ ಫೆರಸ್ ಸಲ್ಫೇಟನ್ನು ಮಣ್ಣಿಗೆ ಹಾಕಿ ಕೆಟ್ಟೆ, ಬೆಳೆಗೆ ಸಿಗುವ ಮುಂಚೆಯೇ ತುಕ್ಕಾಗಿ ಕೂತಿತು. ಆಮೇಲೆ ಶೇ 1ರ ದ್ರಾವಣ ಮಾಡಿ ವಾರಕ್ಕೊಮ್ಮೆ ಎಲೆಗೆ ಸಿಂಪಡಿಸಿದೆ, ಮೂರನೇ ಸಲಕ್ಕೆ ಹೊಸ ಎಲೆ ಹಸಿರಾಗಿ ಬಂತು.

ಇನ್ನೊಂದು ಪೆಟ್ಟು ನಾಲ್ಕನೇ ವರ್ಷ, ಭತ್ತದ ಹಿಂದೆಯೇ ಬಿತ್ತಿದ ಗೋಧಿಯಲ್ಲಿ. ನಡು ಎಲೆಗಳ ನರಗಳ ಮಧ್ಯೆ ಬಿಳಿಚಿದ ಗೆರೆ, ಮೇಲೆ ಬೂದು ಚುಕ್ಕೆ. ಮತ್ತೆ ಸತು ಅಂದುಕೊಂಡು ಹದಿನೈದು ದಿನ ಕಳೆದುಕೊಂಡೆ. ಕೊರತೆ ಇದ್ದದ್ದು ಮ್ಯಾಂಗನೀಸ್‌ದು. ಭತ್ತಕ್ಕೆ ನೀರು ನಿಲ್ಲಿಸಿದಾಗ ಅದು ಕರಗುತ್ತದೆ, ಈಗ ಮಣ್ಣು ಬಿಚ್ಚಿಕೊಂಡಿದೆ ಅಲ್ವಾ, ಇಂಗುವ ನೀರಿನ ಜೊತೆ ಬೇರಿನ ಕೆಳಕ್ಕೆ ಇಳಿದುಬಿಡುತ್ತದೆ. ಮಣ್ಣು ಸುಧಾರಿಸಿದ್ದಕ್ಕೇ ಬಂದ ಕೊರತೆ ಇದು! ಮಣ್ಣಿಗೆ ಹಾಕಿದರೆ ಜಾಸ್ತಿ ಖರ್ಚು, ಫಲ ಕಡಿಮೆ. ಈಗ ಮೊದಲ ನೀರು ಹಾಯಿಸುವ ಎರಡು ಮೂರು ದಿನ ಮುಂಚೆ, ಬಿಸಿಲಿರುವಾಗ, ಶೇ 0.5ರ ಮ್ಯಾಂಗನೀಸ್ ಸಲ್ಫೇಟ್ ಸಿಂಪಡಿಸುತ್ತೇನೆ, ಆಮೇಲೆ ವಾರ ಬಿಟ್ಟು ಇನ್ನೆರಡು ಸಲ.

ಇನ್ನೊಂದು ಪೋಷಕಾಂಶ ಬೋರಾನ್ ತಂದಿಟ್ಟಿದ್ದೆ, ಹಾಕಲಿಲ್ಲ. ಚೌಳಿನಲ್ಲಿ ಅದು ಮೊದಲೇ ಜಾಸ್ತಿ, ಜಿಪ್ಸಂ ಬಿದ್ದ ಮೇಲೆ ತಾನೇ ತಗ್ಗುತ್ತದೆ. ಆ ಚೀಲ ಇನ್ನೂ ಕೊಟ್ಟಿಗೆಯಲ್ಲಿದೆ.