ಬ್ಲೌಸ್ ಮೇಲಿನ ಮಣಿ ಕೆಲಸ: ಬಣ್ಣ ಹೊಂದಿಸುವಾಗ ನಾನು ಏನೇನು ನೋಡುತ್ತೇನೆ

ಅಂಗಡಿಯಲ್ಲಿ ಪೊಟ್ಟಣದೊಳಗೆ ಕಾಣುವ ಮಣಿಯ ಬಣ್ಣವೇ ಬೇರೆ, ಅದನ್ನು ಬಟ್ಟೆಗೆ ಹೊಲಿದ ಮೇಲೆ ಕಾಣುವ ಬಣ್ಣವೇ ಬೇರೆ. ಪೊಟ್ಟಣದಲ್ಲಿ ನೂರಾರು ಮಣಿ ಒಂದರ ಮೇಲೊಂದು ಬಿದ್ದಿರುತ್ತವೆ, ಬೆಳಕು ಒಂದನ್ನು ಹಾಯ್ದು ಇನ್ನೊಂದಕ್ಕೆ ಹೋಗಿ ಬಣ್ಣ ದಟ್ಟವಾಗಿ ಕಾಣುತ್ತದೆ. ಹೊಲಿದಾಗ ಉಳಿಯುವುದು ಒಂದೇ ಪದರ. ಅದರ ಹಿಂದೆ ಬಟ್ಟೆಯ ಬಣ್ಣ, ತೂತಿನೊಳಗೆ ದಾರದ ಬಣ್ಣ. ಹಾಗಾಗಿ ರೇಷ್ಮೆ ಬ್ಲೌಸ್‌ಗೆ ಆರಿ ಕೆಲಸ (ಕೊಕ್ಕೆ ಸೂಜಿಯ ಕಸೂತಿ) ಮಾಡುವಾಗ ನಾನು ಬಣ್ಣವನ್ನು ಕೊನೆಗೆ ಆರಿಸುತ್ತೇನೆ. ಮೊದಲು ತಿಳಿ-ಗಾಢ, ಆಮೇಲೆ ಹೊಳಪು, ಆಮೇಲೆ ಬಣ್ಣ. ಕೆಂಪೋ ಹಸಿರೋ ಎಂಬುದರಿಂದಲೇ ಶುರು ಮಾಡಿದರೆ ಹತ್ತಿರದಿಂದ ಚಂದ ಕಂಡ ಡಿಸೈನ್ ಆರು ಅಡಿ ದೂರ ನಿಂತು ನೋಡಿದಾಗ ಬಟ್ಟೆಯಲ್ಲೇ ಕರಗಿಹೋಗುತ್ತದೆ.

ತಿಳಿ-ಗಾಢ ನೋಡಲು ಹೆಚ್ಚಿನದೇನೂ ಬೇಡ. ಬ್ಲೌಸ್ ಪೀಸನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಸೀರೆಯ ಅಂಚು ಮತ್ತು ಸೆರಗಿನ ಭಾಗ ಇಡುತ್ತೇನೆ. ಆಲೋಚನೆಯಲ್ಲಿರುವ ಪ್ರತಿ ಮಣಿಯಿಂದ ಹತ್ತು ಹತ್ತು ಕಾಳು ದಾರಕ್ಕೆ ಪೋಣಿಸಿ ಬಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿ, ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪಿಗೆ ಬದಲಿಸುತ್ತೇನೆ. ಬಟ್ಟೆ ಮತ್ತು ಮಣಿ ಎರಡೂ ಒಂದೇ ಬೂದು ಬಣ್ಣಕ್ಕೆ ಬಂದರೆ ಆ ಮಣಿ ಹೊರಗೆರೆಗೆ ಆಗದು. ಎಲೆ ಹಸಿರಿನ ಮೇಲೆ ಕುಂಕುಮ ಕೆಂಪು ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಎದುರುಬದುರು ಬಣ್ಣ, ಕಣ್ಣಿಗೆ ಹೊಡೆದು ಕಾಣಬೇಕು ಅನಿಸುತ್ತದೆ. ಫೋಟೋದಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಮದುವೆ ಮನೆಯಲ್ಲಿ ದೂರದಿಂದ ನೋಡುವವರಿಗೆ ಕಂದು ಮಬ್ಬು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕೆಂಪು, ಹಸಿರನ್ನು ಒಂದು ಬಿಟ್ಟು ಒಂದರಂತೆ ಪೋಣಿಸಿದರೆ ಇನ್ನೂ ಕೆಡುತ್ತದೆ. ಎರಡು ಮಿಲಿಮೀಟರ್ ಚುಕ್ಕೆಗಳನ್ನು ದೂರದಲ್ಲಿ ಕಣ್ಣು ಬೇರ್ಪಡಿಸಲಾರದೆ ಬೆರೆಸಿ ನೋಡುತ್ತದೆ. ಎರಡೂ ಬಣ್ಣ ಬೇಕೇ ಬೇಕೆಂದರೆ ಒಂದೊಂದನ್ನೂ ಕನಿಷ್ಠ ನಾಲ್ಕು ಮಣಿ ಅಗಲದ ಪಟ್ಟಿಯಾಗಿ ಹಾಕಿ, ನಡುವೆ ತಿಳಿ ಬಣ್ಣದ ಒಂದು ಸಾಲು ಕೊಡಬೇಕು.

ಇನ್ನು ಹೊಳಪು. ಅಂಗಡಿಯವರು ಪ್ಲೇನ್, ಟ್ರಾನ್ಸ್‌ಪರೆಂಟ್, ಸಿಲ್ವರ್ ಲೈನ್, ರೇನ್‌ಬೋ, ಮ್ಯಾಟ್, ಮೆಟಾಲಿಕ್ ಎಂದು ಹೆಸರಿಸುವುದೆಲ್ಲ ಮಣಿಯ ಮೈ ಬೆಳಕನ್ನು ಏನು ಮಾಡುತ್ತದೆ ಎಂಬುದರ ಲೆಕ್ಕ. ಪ್ಲೇನ್ ಎಂದರೆ ಬೆಳಕು ಹಾಯದ ಗಾಜು. ಇದರ ಬಣ್ಣವನ್ನು ಬಟ್ಟೆಯಾಗಲಿ ದಾರವಾಗಲಿ ಅಷ್ಟಾಗಿ ಬದಲಿಸುವುದಿಲ್ಲ, ಎಲ್ಲಕ್ಕಿಂತ ನಂಬಿಕಸ್ಥ ಮಣಿ ಇದೇ. ಟ್ರಾನ್ಸ್‌ಪರೆಂಟ್ ಮಣಿ ಹಿಂದಿರುವುದನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಮಾಣಿಕ್ಯದಂಥ ಕೆಂಪು ಗಾಜನ್ನು ಕಪ್ಪು ಅಥವಾ ಬಾಟಲ್ ಗ್ರೀನ್ ಬಟ್ಟೆಗೆ ಹೊಲಿದರೆ ಅದು ಕಪ್ಪಾಗಿಯೇ ಕಾಣುತ್ತದೆ. ಗಾಢ ಬಟ್ಟೆಗೆ ಆ ಕೆಂಪೇ ಬೇಕಿದ್ದರೆ ಸಿಲ್ವರ್ ಲೈನ್ ತಗೊಳ್ಳಬೇಕು. ತೂತಿನ ಒಳಗೋಡೆಯ ಬೆಳ್ಳಿ ಲೇಪ ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಹಿಂದಿನ ಗಾಢತೆ ಮೇಲೆ ಬರುವುದಿಲ್ಲ. ಆದರೆ ಇಡೀ ಡಿಸೈನ್ ಸಿಲ್ವರ್ ಲೈನ್‌ನಲ್ಲೇ ಮಾಡಿದರೆ ಫೋಟೋಗ್ರಾಫರ್ ಫ್ಲ್ಯಾಶ್ ಹೊಡೆದಾಗ ಬಣ್ಣವೆಲ್ಲ ಬಿಳಿ ಚುಕ್ಕೆಗಳಾಗಿ ಬೀಳುತ್ತದೆ. ಮದುವೆ ಬ್ಲೌಸ್ ಆದರೆ ಸಿಲ್ವರ್ ಲೈನ್ ಮೂರನೇ ಒಂದು ಪಾಲು ದಾಟದಂತೆ ನೋಡಿಕೊಳ್ಳುತ್ತೇನೆ. ರೇನ್‌ಬೋ ಲೇಪದ್ದನ್ನು ಅದಕ್ಕೂ ಕಡಿಮೆ. ಅದರಲ್ಲಿ ಹಸಿರು, ನೇರಳೆ, ಗುಲಾಬಿ ಎಲ್ಲ ಒಟ್ಟಿಗೆ ಮಿನುಗುವುದರಿಂದ ಪಕ್ಕದ ಯಾವ ಬಣ್ಣದ ಜೊತೆಗೂ ಅದು ನಿಲ್ಲುವುದಿಲ್ಲ.

ಒಂದೇ ಬಣ್ಣದಲ್ಲಿ ಮ್ಯಾಟ್ ಮತ್ತು ಹೊಳಪು ಎರಡನ್ನೂ ಜೋಡಿಸುವುದು ನನಗೆ ತುಂಬಾ ಇಷ್ಟ. ಮರೂನ್ ಬಟ್ಟೆಗೆ ಮರೂನ್ ಮ್ಯಾಟ್ ಮಣಿಯ ತುಂಬು, ಅದರ ಮೇಲೆ ಅದೇ ಮರೂನ್ ಬಣ್ಣದ, ಮೈ ಕತ್ತರಿಸಿ ಹೊಳಪು ಬರಿಸಿದ ಕಟ್ ಬೀಡ್ಸ್‌ನ ಬಳ್ಳಿ. ಬಣ್ಣ ಒಂದೇ ಆದರೂ ಡಿಸೈನ್ ಎದ್ದು ನಿಲ್ಲುತ್ತದೆ, ಸೀರೆಯ ಜೊತೆ ಜಗಳಕ್ಕೂ ಹೋಗುವುದಿಲ್ಲ.

ದಾರದ ವಿಷಯಕ್ಕೆ ಅನೇಕರು ಗಮನವನ್ನೇ ಕೊಡುವುದಿಲ್ಲ. ಟ್ರಾನ್ಸ್‌ಪರೆಂಟ್ ತಿಳಿ ಜೇನು ಬಣ್ಣದ ಮಣಿಯನ್ನು ಬಿಳಿ ದಾರದಲ್ಲಿ ಹೊಲಿದರೆ ನೀರಾಗಿ ಕಾಣುತ್ತದೆ, ಇಟ್ಟಿಗೆ ಬಣ್ಣದ ದಾರದಲ್ಲಿ ಹೊಲಿದರೆ ಅದೇ ಮಣಿಗೆ ಬೆಚ್ಚನೆಯ ಕೆಂಪು ಬರುತ್ತದೆ. ಹಾಗಾಗಿ ಒಂದು ಪೊಟ್ಟಣ ಮಣಿಯಿಂದ ಎರಡು ಮೂರು ಶೇಡ್ ತೆಗೆಯಬಹುದು. ಗಾಜು ಸ್ಪಷ್ಟವಾಗಿದ್ದು ತೂತು ದೊಡ್ಡದಿದ್ದರೆ ಈ ವ್ಯತ್ಯಾಸ ಇನ್ನೂ ಹೆಚ್ಚು. ಪ್ಲೇನ್ ಮಣಿಗೆ ಬಟ್ಟೆಯ ಬಣ್ಣದ ದಾರ ಸಾಕು. ಅಲ್ಲಿ ದಾರ ಕಾಣುವುದು ಮಣಿಗಳ ನಡುವಿನ ಸಂದಿಯಲ್ಲಿ ಮಾತ್ರ. ಸಂದಿ ಎಷ್ಟಿರುತ್ತದೆ ಎಂಬುದು ಮಣಿ ಎಷ್ಟು ಸಮವಾಗಿದೆ ಎಂಬುದರ ಮೇಲೆ ಹೋಗುತ್ತದೆ. ಜಪಾನಿನ ಮಿಯುಕಿ, ತೋಹೋ ಮಣಿಗಳು ಅಳತೆಯಲ್ಲಿ ಒಂದೇ ಸಮ, ಪಕ್ಕಪಕ್ಕದಲ್ಲಿ ಅಂಟಿ ಕೂರುತ್ತವೆ. ತೂಕದಲ್ಲಿ ಸಿಗುವ ಅಗ್ಗದ ಶುಗರ್ ಬೀಡ್ಸ್‌ನಲ್ಲಿ ದಪ್ಪ-ತೆಳು ಸೇರಿರುತ್ತದೆ, ಸಂದಿಯಿಂದ ಬಟ್ಟೆ ಇಣುಕುತ್ತದೆ. ಬಿಳಿ ಬಟ್ಟೆಗೆ ಗಾಢ ಮಣಿ ತುಂಬುವಾಗ ಇದು ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಅಂಥ ಮಣಿಯೇ ಬಳಸಬೇಕಾದರೆ ತುಂಬುವ ಜಾಗಕ್ಕೆ ಮೊದಲು ಅದೇ ಬಣ್ಣದ ರೇಷ್ಮೆ ದಾರದಲ್ಲಿ ಆರಿ ಚೈನ್ ಹೊಲಿಗೆ ಹಾಕಿ, ಅದರ ಮೇಲೆ ಮಣಿ ಕೂರಿಸುತ್ತೇನೆ.

ಒಂದು ಕೆಲಸವನ್ನು ಪೂರ್ತಿಯಾಗಿ ಹೇಳುತ್ತೇನೆ. ರಾಣಿ ಪಿಂಕ್ ಸೀರೆ, ಅದಕ್ಕೆ ನವಿಲು ಬಣ್ಣದ ಬ್ಲೌಸ್. ಹಾಸಿನಲ್ಲಿ (ಉದ್ದದ ಎಳೆ) ನೀಲಿ, ಹೊಕ್ಕಿನಲ್ಲಿ (ಅಡ್ಡ ಎಳೆ) ಹಸಿರು ಇರುವ ಎರಡೆಳೆ ರೇಷ್ಮೆ ಅದು, ಅಲುಗಿದರೆ ಬಣ್ಣ ಬದಲಾಗುತ್ತದೆ. ಮೊದಲ ಕೆಲಸ, ಬಟ್ಟೆಯನ್ನು ಫ್ರೇಮಿಗೆ ಬಿಗಿಯುವ ಮುನ್ನ ಹಾಸಿನ ದಿಕ್ಕಿಗೆ ಸೀಮೆಸುಣ್ಣದಲ್ಲಿ ಬಾಣ ಹಾಕುವುದು. ಮುಂಭಾಗ, ಬೆನ್ನು, ತೋಳು ಎಲ್ಲಕ್ಕೂ ಒಂದೇ ದಿಕ್ಕು. ತೋಳನ್ನು ಅಡ್ಡ ತಿರುಗಿಸಿ ಕತ್ತರಿಸಿದರೆ ಒಂದೇ ಬಟ್ಟೆಯಲ್ಲಿ ಬೆನ್ನು ನೀಲಿ, ತೋಳು ಹಸಿರು ಕಾಣುತ್ತದೆ. ಆಗ ಒಂದೇ ಮಣಿ ಎರಡು ಕಡೆ ಎರಡು ಥರ ಕಂಡು, ಬೇರೆ ಬೇರೆ ಪೊಟ್ಟಣದ್ದು ಹಾಕಿದಂತೆ ಅನಿಸುತ್ತದೆ.

ಇಂಥ ಬಟ್ಟೆಗೆ ನೀಲಿ ಅಥವಾ ಹಸಿರು ಮಣಿಯಲ್ಲಿ ಗೆರೆ ಎಳೆಯಲೇಬಾರದು. ಒಂದು ಕೋನದಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾಗುವುದರಿಂದ ಗೆರೆ ಅಲ್ಲಲ್ಲಿ ತುಂಡಾದ ಹಾಗಿರುತ್ತದೆ. ಹೊರಗೆರೆಗೆ ನಾನು ಆರಿಸುವುದು ಆಂಟಿಕ್ ಗೋಲ್ಡ್, ನೀಲಿಗೂ ಹಸಿರಿಗೂ ಅದು ತಿಳಿ. ಕುತ್ತಿಗೆಗೆ ಮೂರು ಸಾಲು: ಚಿನ್ನ, ರಾಣಿ ಪ್ಲೇನ್, ಮತ್ತೆ ಚಿನ್ನ. ಚಿನ್ನದ ಬೇಲಿಯಿಲ್ಲದೆ ರಾಣಿ ಬಣ್ಣವನ್ನು ನೇರವಾಗಿ ಹಸಿರಿನ ಮೇಲೆ ಕೂರಿಸಿದರೆ ಎರಡೂ ಒಂದನ್ನೊಂದು ಕೆಣಕಿ ಅಂಚು ನಡುಗಿದಂತೆ ಕಾಣುತ್ತದೆ.

ಬುಟ್ಟಾ ಒಂದು ಇಂಚು ಎತ್ತರದ ಮಾವಿನಕಾಯಿ. 11/0 ಅಳತೆಯ, ಅಂದರೆ ಸುಮಾರು ಎರಡು ಮಿಲಿಮೀಟರ್ ದಪ್ಪದ ಮಣಿ ಒಂದು ಇಂಚಿಗೆ ಹನ್ನೊಂದು ಸಾಲು ಕೂರುತ್ತದೆ. ಮೇಲೊಂದು ಕೆಳಗೊಂದು ಚಿನ್ನದ ಅಂಚಿಗೆ ಹೋದರೆ ಒಳಗೆ ಉಳಿಯುವುದು ಒಂಬತ್ತು. ಅದರಲ್ಲಿ ಬುಡಕ್ಕೆ ಬೀಟ್‌ರೂಟ್ ಬಣ್ಣ ಮೂರು ಸಾಲು, ನಡುವೆ ರಾಣಿ ಮೂರು, ತುದಿಗೆ ಬೇಬಿ ಪಿಂಕ್ ಮೂರು. ಐದು ಶೇಡ್ ತಂದು ತುರುಕಿದರೂ ಇಷ್ಟು ಚಿಕ್ಕ ಜಾಗದಲ್ಲಿ ಕಣ್ಣಿಗೆ ಗೊತ್ತಾಗದು, ಖರ್ಚು ಮಾತ್ರ. ಶೇಡ್ ಬದಲಾಗುವ ಕಡೆ ಗೆರೆ ಎಳೆದಂತಾಗಬಾರದು. ಅದಕ್ಕೆ ಆ ಒಂದು ಸಾಲಿಗೆ ಎರಡು ಬಣ್ಣವನ್ನೂ ಸಮ ಸಮ ಬಟ್ಟಲಲ್ಲಿ ಕಲಸಿ, ಸೂಜಿಗೆ ಸಿಕ್ಕಿದ್ದನ್ನೇ ಎತ್ತಿಕೊಳ್ಳುತ್ತೇನೆ. ದೊಡ್ಡ ನವಿಲಿನಂಥ ಡಿಸೈನ್ ಆದರೆ ಮೂರು ಬಟ್ಟಲು ಬೇಕು: ಗಾಢ ಮೂರು ಪಾಲಿಗೆ ತಿಳಿ ಒಂದು, ಸಮ ಸಮ, ಗಾಢ ಒಂದಕ್ಕೆ ತಿಳಿ ಮೂರು. ಇಲ್ಲಿ ಕೈ ತಾನಾಗಿ ಒಂದು ಬಿಟ್ಟು ಒಂದು ಎತ್ತಲು ಶುರು ಮಾಡುತ್ತದೆ. ಹಾಗಾದರೆ ನೆರಳಿನ ಬದಲು ಚೌಕುಳಿ ಕಾಣುತ್ತದೆ.

ಪಕ್ಕದ ಬಣ್ಣ ಮಣಿಯ ಬಣ್ಣವನ್ನೇ ಬದಲಿಸಿ ತೋರಿಸುವುದು ಹಳೆಯ ವಿಷಯ. ಪ್ಯಾರಿಸ್‌ನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ 1824ರಿಂದ ಬಣ್ಣದ ವಿಭಾಗ ನೋಡಿಕೊಂಡ ಶೆವ್ರೋಲ್ ಎಂಬ ರಸಾಯನಶಾಸ್ತ್ರಜ್ಞನಿಗೆ ಬಂದಿದ್ದ ದೂರು, ಕಪ್ಪು ನೂಲಿಗೆ ಕಪ್ಪೇ ಬರುತ್ತಿಲ್ಲ ಎಂಬುದು. ನೂಲಿನಲ್ಲಿ ಕೊರತೆಯಿರಲಿಲ್ಲ. ನೀಲಿ, ನೇರಳೆಯ ಪಕ್ಕ ಕೂತಾಗ ಅದು ಮಂಕಾಗಿ ಕಾಣುತ್ತಿತ್ತು, ಅಷ್ಟೆ. 1839ರಲ್ಲಿ ಆತ ಇದನ್ನು ವಿವರವಾಗಿ ಬರೆದ. ನಮ್ಮ ಕೆಲಸದಲ್ಲಿ ಇದು ದಿನವೂ ಎದುರಾಗುತ್ತದೆ. ಬೂದು ಮಣಿಯನ್ನು ಮರೂನ್ ನಡುವೆ ಇಟ್ಟರೆ ಹಸಿರು ಛಾಯೆ ಬಂದಂತೆ ಕಾಣುತ್ತದೆ, ಹಸಿರಿನ ನಡುವೆ ಇಟ್ಟರೆ ಗುಲಾಬಿ. ನೇರಳೆ ಬಟ್ಟೆಯ ಮೇಲೆ ಹಳದಿ ಚಿನ್ನ ಇನ್ನೂ ಹಳದಿಯಾಗಿ ಹಿತ್ತಾಳೆಯಂತಾಗುತ್ತದೆ, ಅಲ್ಲಿಗೆ ಆಂಟಿಕ್ ಅಥವಾ ರೋಸ್ ಗೋಲ್ಡ್ ಚೆನ್ನ. ಮೈಸೂರು ಸಿಲ್ಕಿನ ಅಸಲಿ ಜರಿಯದು ಮೆದು ಹೊಳಪು. ಅದರ ಪಕ್ಕದಲ್ಲಿ ಥಳಥಳ ಹಳದಿ ಮೆಟಾಲಿಕ್ ಮಣಿ ಹಾಕಿದರೆ ಜರಿಯೇ ಮಾಸಿದ ಹಾಗೆ ಕಾಣುತ್ತದೆ, ಅಷ್ಟು ಬೆಲೆಯ ಸೀರೆಗೆ ಇದು ಅನ್ಯಾಯ. ಮಣಿಯ ಚಿನ್ನ ಯಾವಾಗಲೂ ಜರಿಗಿಂತ ಒಂದು ಚೂರು ಮಂಕಾಗಿರಲಿ.

ಎಷ್ಟು ಬಣ್ಣ, ಯಾವುದಕ್ಕೆ ಎಷ್ಟು ಪಾಲು? ನಾನು ಮೂರಕ್ಕೆ ನಿಲ್ಲಿಸುತ್ತೇನೆ, ಚಿನ್ನವೂ ಸೇರಿ. ಶೇಡ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತು ಪಾಲಿನಲ್ಲಿ ಆರು ಒಂದಕ್ಕೆ, ಮೂರು ಇನ್ನೊಂದಕ್ಕೆ, ಒಂದು ಕೊನೆಯದಕ್ಕೆ. ಆ ಕೊನೆಯ ಪಾಲು ಸಾರಿಗೆ ಇಂಗು ಹಾಕಿದ ಹಾಗೆ, ಹೆಚ್ಚಾದರೆ ಉಳಿದದ್ದೆಲ್ಲ ಅದರಲ್ಲೇ ಮುಳುಗುತ್ತದೆ. ಅದನ್ನು ಸೀರೆಯಲ್ಲಿ ಕಡಿಮೆ ಇರುವ ಬಣ್ಣದಿಂದ ತೆಗೆಯುವುದು ನನ್ನ ರೂಢಿ. ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಟೋಪಿ ತೆನಿ ಎಂಬ ವಿನ್ಯಾಸದ ಬಿಳಿ ಇದೆಯಲ್ಲ, ಬ್ಲೌಸ್‌ನಲ್ಲಿ ಅಲ್ಲೊಂದು ಇಲ್ಲೊಂದು ಕೆನೆ ಬಣ್ಣದ ಮಣಿ ಹಾಕಿದರೆ ಎರಡೂ ಕೂಡಿಕೊಳ್ಳುತ್ತವೆ. ಹಾಲು ಬಿಳುಪು ಬೇಡ, ಗಾಢ ಬಟ್ಟೆಯ ಮೇಲೆ ಅದು ತೂತು ಬಿದ್ದಂತೆ ಕಾಣುತ್ತದೆ. ಗುಳೇದಗುಡ್ಡದ ಖಣದಲ್ಲಿ ಬಟ್ಟೆಯೇ ಬುಟ್ಟಾ ತುಂಬಿಕೊಂಡಿರುತ್ತದೆ, ಅದಕ್ಕೆ ಅಂಚಿನಲ್ಲಿ ಒಂದೇ ಬಣ್ಣದ ಒಂದು ಸಾಲು ಸಾಕು.

ಆರಿಸಿದ ಮೇಲೆ ಎರಡು ಇಂಚು ಚೌಕದ ಸ್ಯಾಂಪಲ್ ಹೊಲಿಯದೆ ಮುಂದಕ್ಕೆ ಹೋಗುವುದಿಲ್ಲ. ಅದೇ ಬಟ್ಟೆ, ಅದೇ ಲೈನಿಂಗ್, ಅದೇ ದಾರ. ಅದನ್ನು ಮೂರು ಬೆಳಕಿನಲ್ಲಿ ನೋಡಬೇಕು: ಹಗಲು ಹೊರಗೆ ನೆರಳಿನಲ್ಲಿ, ಬಿಳಿ ಎಲ್‌ಇಡಿ ಕೆಳಗೆ, ಹಳದಿ ಬಲ್ಬಿನ ಕೆಳಗೆ. ಅಂಗಡಿಯ ಬಿಳಿ ಬೆಳಕಿನಲ್ಲಿ ಬಟ್ಟೆಗೆ ಕೂಡಿದ ಹಸಿರು ಕಲ್ಯಾಣ ಮಂಟಪದ ಹಳದಿ ದೀಪದಲ್ಲಿ ಬೇರೆ ದಾರಿ ಹಿಡಿಯಬಹುದು, ಏಕೆಂದರೆ ಗಾಜಿನ ಬಣ್ಣವೂ ರೇಷ್ಮೆಯ ಬಣ್ಣವೂ ಬೇರೆ ಬೇರೆ ವಸ್ತುಗಳಿಂದ ಬಂದವು. ಸಂಜೆ ರಿಸೆಪ್ಷನ್‌ಗೆ ಉಡುವುದಾದರೆ ದೀಪ ತಗ್ಗಿಸಿಯೂ ನೋಡುತ್ತೇನೆ. ಬೆಳಕು ಕಡಿಮೆಯಾದಾಗ ಕೆಂಪುಗಳು ಮೊದಲು ಕಪ್ಪಾಗುತ್ತವೆ, ನೀಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಗಾಢ ನೀಲಿಯ ಮೇಲೆ ಮರೂನ್ ಮಣಿ ಹಗಲಿನ ಮುಹೂರ್ತಕ್ಕೆ ಸರಿ, ರಾತ್ರಿಗೆ ಬೇಡ.

ಬಣ್ಣ ನಿಲ್ಲುತ್ತದೆಯೇ ಎಂಬುದೂ ಬಣ್ಣ ಹೊಂದಿಸುವುದರ ಭಾಗವೇ. ಗಾಜಿನೊಳಗೇ ಗುಲಾಬಿ, ನೇರಳೆ ತರುವುದು ಕಷ್ಟ ಮತ್ತು ದುಬಾರಿ, ಆದ್ದರಿಂದ ಈ ಬಣ್ಣದ ಅನೇಕ ಮಣಿಗಳಿಗೆ ಮೇಲಿಂದ ಬಣ್ಣ ಹಚ್ಚಿರುತ್ತಾರೆ. ಮೇಲಿನ ರಾಣಿ ಬಣ್ಣದ ಕೆಲಸಕ್ಕೆ ಮುಖ್ಯ ಅಪಾಯವೇ ಇದು. ಇಪ್ಪತ್ತು ಮಣಿಯನ್ನು ಸೋಪು ನೀರಿನಲ್ಲಿ ನೆನೆಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಬಿಡಬೇಕು. ಇನ್ನು ಕೆಲವನ್ನು ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್‌ನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಬೇಕು, ರೇಷ್ಮೆ ಬ್ಲೌಸ್ ಡ್ರೈ ಕ್ಲೀನಿಂಗ್‌ಗೆ ಹೋಗುವುದು ನೆನಪಿರಲಿ. ಮೂರನೆಯದು ಬಿಸಿಲು: ಒಂದು ಸಾಲು ಮಣಿಯ ಅರ್ಧಕ್ಕೆ ಅಡುಗೆಮನೆಯ ಫಾಯಿಲ್ ಸುತ್ತಿ ಕಿಟಕಿಯಲ್ಲಿ ಎರಡು ವಾರ ಇಟ್ಟು, ಬಿಚ್ಚಿ ಎರಡರ್ಧವನ್ನೂ ಹೋಲಿಸುವುದು. ಇದಕ್ಕೆ ಸಮಯವಿಲ್ಲದಿದ್ದರೆ ಮೊದಲೆರಡನ್ನಾದರೂ ಮಾಡಿ. ಅಗ್ಗದ ಮೆಟಾಲಿಕ್ ಲೇಪ ಬೆವರಿಗೂ ಉಜ್ಜಾಟಕ್ಕೂ ಹೋಗುತ್ತದೆ, ಕಂಕುಳ ಕೆಳಗೆ ಮತ್ತು ಕುತ್ತಿಗೆಯ ಒಳ ಅಂಚಿಗೆ ಅದನ್ನು ಹಾಕಬಾರದು. ಅಲ್ಲಿಗೆ ಪ್ಲೇನ್ ಗಾಜೇ ಸರಿ.

ಕೊಳ್ಳುವ ಲೆಕ್ಕ ಹೀಗೆ. 11/0 ಮಣಿ ಒಂದು ಗ್ರಾಂಗೆ ಸುಮಾರು 110 ಬರುತ್ತದೆ, ಪೋಣಿಸಿದಾಗ ಒಂದು ಇಂಚಿಗೆ ಸುಮಾರು 18. ಕುತ್ತಿಗೆ ಸುತ್ತು 32 ಇಂಚಾದರೆ ಒಂದು ಸಾಲಿಗೆ 576 ಮಣಿ, ಅಂದರೆ ಐದು ಗ್ರಾಂ ಮೇಲೆ ಚೂರು. ತುಂಬು ಕೆಲಸಕ್ಕೆ ಚದರ ಇಂಚಿಗೆ ಎರಡು ಗ್ರಾಂ ಹಿಡಿಯಿರಿ. ಹನ್ನೆರಡು ಇಂಚು ಸುತ್ತಿನ ತೋಳಿಗೆ ಎರಡು ಇಂಚು ಪಟ್ಟಿ ಪೂರ್ತಿ ತುಂಬಿದರೆ ಎರಡೂ ತೋಳಿಗೆ ಸೇರಿ ನೂರು ಗ್ರಾಂ ಹತ್ತಿರ ಹೋಗುತ್ತದೆ. ಮೈಸೂರು ಸಿಲ್ಕಿನಂಥ ಕ್ರೇಪ್ ಅಷ್ಟು ಭಾರಕ್ಕೆ ಜೋಲುತ್ತದೆ, ಅಲ್ಲಿ ಅರ್ಧ ಖಾಲಿ ಬಿಟ್ಟು ಬಟ್ಟೆಯನ್ನೇ ಒಂದು ಬಣ್ಣವಾಗಿ ಲೆಕ್ಕಕ್ಕೆ ತಗೊಳ್ಳಿ. ಬಂದ ಲೆಕ್ಕಕ್ಕೆ ನೂರಕ್ಕೆ ಹದಿನೈದು ಸೇರಿಸಿ ಒಂದೇ ಸಲ, ಒಂದೇ ಲಾಟಿನಲ್ಲಿ ಕೊಳ್ಳಬೇಕು. ಅದೇ ನಂಬರಿನ ಮಣಿಯೂ ಮುಂದಿನ ಲಾಟಿನಲ್ಲಿ ತುಸು ಬೇರೆ ಬರುತ್ತದೆ. ಎರಡು ಲಾಟು ಅನಿವಾರ್ಯವಾದರೆ ಕೆಲಸ ಶುರು ಮಾಡುವ ಮೊದಲೇ ಎರಡನ್ನೂ ಒಂದೇ ಬಟ್ಟಲಿಗೆ ಸುರಿದು ಕಲಸಿಬಿಡಿ. ಬೆನ್ನಿಗೆ ಒಂದು ಲಾಟು, ತೋಳಿಗೆ ಇನ್ನೊಂದು ಎಂದು ಹಂಚಿದರೆ ಆ ವ್ಯತ್ಯಾಸ ಬಟ್ಟೆ ಹೊಲಿದಾದ ಮೇಲೆ ಹೊಲಿಗೆಯ ಗೆರೆಯಲ್ಲೇ ಕಾಣುತ್ತದೆ.