ಚೋಕ್ ತೆಗೆದ ಕೂಡಲೇ ನಿಲ್ಲುತ್ತಿದ್ದ ಇಂಜಿನ್

ನಾಲ್ಕು ತಿಂಗಳು ಸುಮ್ಮನೆ ನಿಂತಿದ್ದ ಹುಲ್ಲು ಕತ್ತರಿಸುವ ಮಷೀನು ಚೋಕ್ (ಇಂಜಿನ್‌ಗೆ ಹೋಗುವ ಗಾಳಿ ತಡೆಯುವ ಮುಚ್ಚಳ) ಹಾಕಿದರೆ ಸ್ಟಾರ್ಟ್ ಆಗುತ್ತಿತ್ತು, ತೆಗೆದರೆ ನಿಂತುಬಿಡುತ್ತಿತ್ತು. ಪ್ಲಗ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ಹೊಳೆಯಿತು: ಗಾಳಿ ತಡೆದಾಗ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ.

ಪ್ಲಗ್ ಕ್ಯಾಪ್ ಕಿತ್ತಿಟ್ಟು, ಪೆಟ್ರೋಲ್ ಬಂದ್ ಮಾಡಿ, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕೆಳಗಿನ ಬಟ್ಟಲು ಬಿಚ್ಚಿದೆ. ತಳದಲ್ಲಿ ಹಳೇ ಪೆಟ್ರೋಲ್ ಕಂದು ಅಂಟಾಗಿ ಕೂತಿತ್ತು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗವಾದ ಮೇನ್ ಜೆಟ್ ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ. ಕ್ಲೀನರ್ ಸ್ಪ್ರೇ ಹೊಡೆದು, ವೈರಿನೊಳಗಿನ ತೆಳು ತಾಮ್ರದ ಎಳೆ ಹಾಯಿಸಿದೆ. ಸೂಜಿ ಮಾತ್ರ ಬೇಡವೇ ಬೇಡ, ತೂತು ಹಿಗ್ಗಿದರೆ ಜೆಟ್ ಕೆಟ್ಟಂತೆ. ಕೊನೆಗೆ ಚುಕ್ಕಿಯಷ್ಟು ಬೆಳಕು ಕಂಡಾಗ ಆದ ಖುಷಿ ಹೇಳತೀರದು!

ಹೊಸ ಪೆಟ್ರೋಲ್ ಹಾಕಿದೆ. ಎರಡನೇ ಸಲ ಹಗ್ಗ ಎಳೆದಾಗಲೇ ಸ್ಟಾರ್ಟ್. ಈಗ ತಿಂಗಳುಗಟ್ಟಲೆ ಬಳಸುವುದಿಲ್ಲವೆಂದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿಯೇ ಇಡುತ್ತೇನೆ.